ಒಗ್ಗಿಸಿಕೊಳ್ಳುವ ಫೋನು, ಒಗ್ಗಿಕೊಳ್ಳಬೇಕಾದ ಫೋನು: ಒನ್ ಯುಐ ಮತ್ತು ಪಿಕ್ಸೆಲ್‌ನೊಂದಿಗೆ ಎಂಟು ತಿಂಗಳು

ಕಳೆದ ಎಂಟು ತಿಂಗಳಿಂದ ನನ್ನ ಜೇಬಿನಲ್ಲಿ ಎರಡು ಫೋನುಗಳು ಸರದಿಯ ಮೇಲೆ ಓಡಾಡುತ್ತಿವೆ. ಒಂದು, ನನಗೆಂದೇ ಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24. ಇನ್ನೊಂದು, ಹೆಂಡತಿಗೆಂದು ತಂದು, ಹಳೆಯ ಫೋನು ಇನ್ನೂ ಚೆನ್ನಾಗಿಯೇ ಇದೆಯೆಂದು ಆಕೆ ಪಟ್ಟು ಹಿಡಿದದ್ದರಿಂದ ನನ್ನ ಬಳಿಯೇ ಉಳಿದ ಗೂಗಲ್ ಪಿಕ್ಸೆಲ್ 8ಎ. ಎರಡೂ ಆಂಡ್ರಾಯ್ಡ್ ಫೋನುಗಳೇ. ಎರಡಕ್ಕೂ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿಗಳು ಹೇಳಿವೆ. ಎರಡರಲ್ಲೂ ನಾನು ಹಾಕಿಕೊಂಡಿರುವ ಆ್ಯಪ್‌ಗಳು ಒಂದೇ. ಹದಿನೈದು ದಿನಕ್ಕೊಮ್ಮೆ ಸಿಮ್ ಬದಲಿಸುತ್ತೇನೆ. ಕ್ಯಾಮೆರಾ, ಬ್ಯಾಟರಿ, ಚಿಪ್‌ಗಳ ಹೋಲಿಕೆಯನ್ನು ಬೇರೆಯವರು ಸಾಕಷ್ಟು ಮಾಡಿದ್ದಾರೆ, ಅದರಲ್ಲಿ ನನಗೆ ಹೊಸದಾಗಿ ಹೇಳುವುದೇನೂ ಇಲ್ಲ. ನಾನು ತೂಗಿ ನೋಡಲು ಹೊರಟದ್ದು ಸಾಫ್ಟ್‌ವೇರನ್ನು ಮಾತ್ರ. ಸ್ಯಾಮ್‌ಸಂಗ್ ಫೋನು, ಆಂಡ್ರಾಯ್ಡ್‌ನ ಮೇಲೆ ಕಂಪನಿ ಹೊದಿಸಿರುವ ಒನ್ ಯುಐ ಎಂಬ ತನ್ನದೇ ಪದರದ ಮೂಲಕ, ಎಲ್ಲವನ್ನೂ ನಿಮಗೆ ಬೇಕಾದಂತೆ ತಿರುಗಿಸಿಕೊಳ್ಳಿ ಎಂದು ಕೈಗೆ ಸ್ಕ್ರೂಡ್ರೈವರ್ ಕೊಡುತ್ತದೆ. ಇನ್ನೊಂದು, ಹೆಚ್ಚಿನದನ್ನೆಲ್ಲ ತಾನೇ ನಿರ್ಧರಿಸಿ, ನೀವು ಸುಮ್ಮನೆ ಬಳಸಿದರೆ ಸಾಕು ಎನ್ನುತ್ತದೆ. ದಿನಕ್ಕೆ ನೂರು ಸಲ ಫೋನು ಎತ್ತುವವನಿಗೆ ಇವೆರಡರಲ್ಲಿ ಯಾವುದು ನಿಜಕ್ಕೂ ಸಮಯ ಉಳಿಸುತ್ತದೆ ಎಂಬುದು ನನ್ನ ಪ್ರಶ್ನೆ.

ಪಕ್ಷಪಾತವಿದ್ದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡದಲ್ಲಿ ಓದಿ ಬರೆಯುವ ನನ್ನ ವಯಸ್ಸಿನವರಿಗೆ ಫೋನನ್ನು ತಿದ್ದಿಕೊಳ್ಳುವುದು ಷೋಕಿಯಾಗಿ ಶುರುವಾದದ್ದಲ್ಲ, ಗತಿಯಿಲ್ಲದೆ ಕಲಿತದ್ದು. ಫೋನಿನಲ್ಲಿ ಕನ್ನಡದ ಸುದ್ದಿ ತೆರೆದರೆ ಸಾಲುಸಾಲು ಚೌಕಗಳು ಕಾಣುತ್ತಿದ್ದ ಕಾಲದಲ್ಲಿ, ಒಪೆರಾ ಮಿನಿ ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ 'ಒಪೆರಾ:ಕಾನ್ಫಿಗ್' ಎಂದು ಟೈಪ್ ಮಾಡಿ, ತೆರೆದ ಪುಟದ ಕೊನೆಯಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸುವ ಆಯ್ಕೆಯನ್ನು 'ಯೆಸ್' ಮಾಡಿಕೊಂಡವರಿಗೆ ಈ ಮಾತು ಅರ್ಥವಾಗುತ್ತದೆ. ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು, ಪುಟ ತೆರೆಯುವುದು ನಿಧಾನವಾಗುತ್ತಿತ್ತು, ಡೇಟಾ ಹೆಚ್ಚು ಖರ್ಚಾಗುತ್ತಿತ್ತು. ಆದರೂ ಕನ್ನಡ ಓದಬಹುದಿತ್ತು. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರಗಳು ನೆಟ್ಟಗೆ ಮೂಡಲು 2012ರ 4.1 ಆವೃತ್ತಿಯವರೆಗೆ ಕಾಯಬೇಕಾಯಿತು. ಇಡೀ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವ ಸೌಕರ್ಯ ಮೂಲ ಆಂಡ್ರಾಯ್ಡ್‌ಗೆ ಬಂದದ್ದು 2014ರ 5.0 ಆವೃತ್ತಿಯಲ್ಲಿ. ಐಫೋನಿನಲ್ಲಿ ಅದೇ ಸೌಕರ್ಯಕ್ಕೆ 2025ರ ಐಒಎಸ್ 18.4 ಬರಬೇಕಾಯಿತು. ಆದ್ದರಿಂದ, ಎಲ್ಲವನ್ನೂ ಕಂಪನಿಯೇ ಚೆನ್ನಾಗಿ ಯೋಚಿಸಿ ಮಾಡಿರುತ್ತದೆ, ಬಳಕೆದಾರ ಕೈ ಹಾಕಬೇಕಾಗಿಲ್ಲ ಎಂಬ ಮಾತು ಕೇಳಿದಾಗ, ಆ ಯೋಚನೆಯಲ್ಲಿ ನಾವು ಇದ್ದೆವೇ ಎಂದು ನನಗೆ ತಕ್ಷಣ ಅನುಮಾನ ಬರುತ್ತದೆ.

ಈ ಜಗಳ ಭಾರತದ ಮಾರುಕಟ್ಟೆಯಲ್ಲಿ ಮುಖಾಮುಖಿಯಾದ ವರ್ಷ 2014. ಫೆಬ್ರುವರಿಯಲ್ಲಿ ಮೋಟೊ ಜಿ ಬಂತು, ಹೆಚ್ಚುಕಡಿಮೆ ಗೂಗಲ್ ಕೊಟ್ಟ ಹಾಗೆಯೇ ಇದ್ದ ಆಂಡ್ರಾಯ್ಡ್‌ನೊಂದಿಗೆ. ಜುಲೈಯಲ್ಲಿ ಶಿಯೋಮಿ ತನ್ನ ಮಿ 3 ಫೋನಿನೊಂದಿಗೆ ಕಾಲಿಟ್ಟಿತು. ಆಂಡ್ರಾಯ್ಡ್‌ನ ಮೇಲೆ ಅದು ಹೊದಿಸಿದ್ದ ಎಂಐಯುಐ ಎಂಬ ಪದರದಲ್ಲಿ ಥೀಮುಗಳಿದ್ದವು, ಫಾಂಟುಗಳಿದ್ದವು, ಬದಲಿಸಲಾಗದ್ದು ಏನಿದೆ ಎಂದು ಹುಡುಕಬೇಕಾಗಿತ್ತು. ಸೆಪ್ಟೆಂಬರಿನಲ್ಲಿ ಗೂಗಲ್ ತಾನೇ ಆಂಡ್ರಾಯ್ಡ್ ಒನ್ ಎಂಬ ಯೋಜನೆಯನ್ನು ಭಾರತದಲ್ಲೇ ಮೊದಲು ಆರಂಭಿಸಿ, ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಮೂಲಕ 6,399 ರೂಪಾಯಿಯಿಂದ ಶುರುವಾಗುವ ಫೋನುಗಳನ್ನು ತಂದಿತು. ಅಗ್ಗದ ಫೋನಿನಲ್ಲೂ ಅಲಂಕಾರವಿಲ್ಲದ, ಹಗುರವಾದ ಆಂಡ್ರಾಯ್ಡ್ ಇದ್ದರೆ ಅದು ವೇಗವಾಗಿ ಓಡುತ್ತದೆ ಎಂಬುದು ಆ ಯೋಜನೆಯ ಲೆಕ್ಕಾಚಾರ. ಲೆಕ್ಕ ತಪ್ಪಿರಲಿಲ್ಲ, ಆದರೆ ಅಂಗಡಿಯಲ್ಲಿ ನಿಂತು ಫೋನು ಕೈಗೆತ್ತಿಕೊಂಡ ಗಿರಾಕಿಗೆ ಹಗುರವಾಗಿರುವುದು ಕಣ್ಣಿಗೆ ಕಾಣುವುದಿಲ್ಲ, ಥೀಮು ಕಾಣುತ್ತದೆ. 2017ರಲ್ಲಿ ಶಿಯೋಮಿಯೇ ಮಿ ಎ1 ಎಂಬ ಆಂಡ್ರಾಯ್ಡ್ ಒನ್ ಫೋನನ್ನು ಮಾರಿತು. ಈಗ ಆ ಸಾಲಿನ ಫೋನುಗಳು ಇಲ್ಲ. ಅಂದಿನ ಸರಳತೆಯ ವಾರಸುದಾರನೆಂದರೆ ಇಂದು ಪಿಕ್ಸೆಲ್, ಅದು ಅಗ್ಗದ ಫೋನಂತೂ ಅಲ್ಲ.

ಸ್ಯಾಮ್‌ಸಂಗ್‌ನ ಒನ್ ಯುಐ 2018ರ ನವೆಂಬರಿನಲ್ಲಿ ಪರಿಚಯವಾದಾಗ ಅದರ ಹಿಂದಿದ್ದ ಆಲೋಚನೆ ಸರಳತೆಯ ಕಡೆಗೇ ಇತ್ತು: ಪರದೆಯ ಮೇಲಿನ ಅರ್ಧ ನೋಡಲಿಕ್ಕೆ, ಕೆಳಗಿನ ಅರ್ಧ ಮುಟ್ಟಲಿಕ್ಕೆ. ಹೆಬ್ಬೆರಳು ಎಟುಕುವಲ್ಲಿ ಬಟನ್‌ಗಳು, ಎಟುಕದಲ್ಲಿ ದೊಡ್ಡ ಅಕ್ಷರದ ಶೀರ್ಷಿಕೆ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಫೋನು ಹಿಡಿದು ದೇವರಾಜ ಮಾರುಕಟ್ಟೆಯಲ್ಲಿ ನಡೆಯುವ ನನಗೆ ಈ ವಿನ್ಯಾಸ ಇವತ್ತಿಗೂ ಇಷ್ಟ. ಆದರೆ ಆ ಸರಳ ಅಡಿಪಾಯದ ಮೇಲೆ ವರ್ಷದಿಂದ ವರ್ಷಕ್ಕೆ ಎದ್ದ ಮಾಳಿಗೆಗಳನ್ನು ನೋಡಬೇಕು. ಒಂದೇ ಮನೆಯಲ್ಲಿ ಎರಡು ಅಡುಗೆಮನೆ ಇದ್ದಂತೆ, ಎಸ್24ರಲ್ಲಿ ಎರಡು ಆ್ಯಪ್ ಅಂಗಡಿಗಳಿವೆ, ಎರಡು ಬ್ರೌಸರ್‌ಗಳಿವೆ, ಫೋಟೋ ನೋಡಲು ಎರಡು ಆ್ಯಪ್‌ಗಳಿವೆ, ಮಾತನಾಡಿಸಲು ಇಬ್ಬರು ಸಹಾಯಕರಿದ್ದಾರೆ. ಒಂದು ಸ್ಯಾಮ್‌ಸಂಗ್‌ನದು, ಒಂದು ಗೂಗಲ್‌ನದು. ಫೋಟೋ ತೆರೆಯಬೇಕಾದಾಗಲೆಲ್ಲ ಯಾವುದರಲ್ಲಿ ಎಂದು ಮನಸ್ಸು ಅರೆಕ್ಷಣ ತಡೆಯುತ್ತದೆ. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಈ ಅರೆಕ್ಷಣವನ್ನು ಅದು ಉಳಿಸಿಕೊಡಲಾರದು. ಮೊದಲ ವಾರವೇ ಕುಳಿತು ಪ್ರತಿ ಜೋಡಿಯಲ್ಲೊಂದನ್ನು ನಿಷ್ಕ್ರಿಯಗೊಳಿಸಿ ಅಥವಾ ಬಚ್ಚಿಟ್ಟ ಮೇಲೆಯೇ ಫೋನು ನನ್ನದು ಅನಿಸಿದ್ದು.

ಒನ್ ಯುಐನ ನಿಜವಾದ ಶಕ್ತಿ ಇರುವುದು ಪೆಟ್ಟಿಗೆಯ ಹೊರಗೆ, ಗುಡ್ ಲಾಕ್ ಎಂಬ ಪ್ರತ್ಯೇಕ ಆ್ಯಪ್‌ನಲ್ಲಿ. 2016ರಿಂದ ಬೆಳೆಯುತ್ತ ಬಂದಿರುವ ಇದು ಒಂದು ಆ್ಯಪ್ ಎನ್ನುವುದಕ್ಕಿಂತ ಉಪಕರಣಗಳ ಪೆಟ್ಟಿಗೆ: ಲಾಕ್ ಸ್ಕ್ರೀನಿಗೆ ಲಾಕ್‌ಸ್ಟಾರ್, ಮೇಲಿನಿಂದ ಇಳಿಯುವ ಫಲಕಕ್ಕೆ ಕ್ವಿಕ್‌ಸ್ಟಾರ್, ಮುಖಪರದೆಗೆ ಹೋಮ್ ಅಪ್, ಬಣ್ಣಗಳಿಗೆ ಥೀಮ್ ಪಾರ್ಕ್, ಕೀಲಿಮಣೆಗೆ ಕೀಸ್ ಕೆಫೆ, ಹೀಗೆ. ಮೊದಲ ತಿಂಗಳು ನಾನು ಇವೆಲ್ಲವನ್ನೂ ಹಾಕಿಕೊಂಡೆ. ಗಡಿಯಾರವನ್ನು ಪರದೆಯ ಮೂಲೆಗೆ ಸರಿಸಿದೆ, ಐಕಾನುಗಳ ಸಾಲು ಹೆಚ್ಚಿಸಿದೆ, ಬಣ್ಣ ಬದಲಿಸಿದೆ, ಮತ್ತೆ ಬದಲಿಸಿದೆ. ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕರೆದದ್ದು ಕೇಳಿಸದಷ್ಟು ತಲ್ಲೀನನಾಗಿ ಕೀಲಿಮಣೆಯ ಬಣ್ಣ ಹೊಂದಿಸುತ್ತಿದ್ದಾಗ, ಈ ಹೊತ್ತನ್ನೆಲ್ಲ ಫೋನು ನನಗೆ ಯಾವಾಗ ಮರಳಿಸುತ್ತದೆ ಎಂಬ ಲೆಕ್ಕ ಮೊದಲ ಬಾರಿಗೆ ತಲೆಗೆ ಬಂತು.

ಎರಡನೆಯ ತಿಂಗಳಿಂದ ಆ ಲೆಕ್ಕವನ್ನು ಸ್ವಲ್ಪ ಶಿಸ್ತಾಗಿ ಇಟ್ಟೆ. ಯಾವ ಬದಲಾವಣೆಯಿಂದ ದಿನನಿತ್ಯದ ಒಂದು ಹೆಜ್ಜೆ ಕಡಿಮೆಯಾಗುತ್ತದೋ ಅದನ್ನು ಉಳಿಸಿಕೊಳ್ಳುವುದು, ಬರಿಯ ನೋಟಕ್ಕಿರುವುದನ್ನು ತೆಗೆಯುವುದು. ಹೀಗೆ ಸೋಸಿದಾಗ ಗುಡ್ ಲಾಕ್‌ನಲ್ಲಿ ಉಳಿದದ್ದು ಎರಡೇ. ಒಂದು, ಒನ್ ಹ್ಯಾಂಡ್ ಆಪರೇಷನ್ ಪ್ಲಸ್. ಪರದೆಯ ಅಂಚಿನಿಂದ ಬೆರಳನ್ನು ನೇರವಾಗಿ, ಓರೆಯಾಗಿ ಮೇಲಕ್ಕೆ, ಓರೆಯಾಗಿ ಕೆಳಕ್ಕೆ ಎಳೆದಾಗ ಏನೇನಾಗಬೇಕೆಂದು ನಾವೇ ಗೊತ್ತುಮಾಡಬಹುದು. ಗಿಡ್ಡ ಎಳೆತಕ್ಕೊಂದು ಕೆಲಸ, ಉದ್ದ ಎಳೆತಕ್ಕೆ ಇನ್ನೊಂದು. ಓರೆಯಾಗಿ ಕೆಳಕ್ಕೆಳೆದರೆ ನೋಟಿಫಿಕೇಷನ್‌ಗಳು ಇಳಿಯುವಂತೆ ಮಾಡಿಕೊಂಡ ಮೇಲೆ, ಪರದೆಯ ತುದಿಗೆ ಬೆರಳು ಚಾಚುವ ಸರ್ಕಸ್ಸು ನಿಂತಿತು. ಇನ್ನೊಂದು ಸೌಂಡ್ ಅಸಿಸ್ಟೆಂಟ್, ಪ್ರತಿ ಆ್ಯಪ್‌ಗೂ ಬೇರೆಬೇರೆ ಧ್ವನಿಮಟ್ಟ ಇಡಲು.

ಗುಡ್ ಲಾಕ್‌ಗಿಂತ ಹೆಚ್ಚು ಉಪಕಾರವಾದದ್ದು ಸೆಟ್ಟಿಂಗ್ಸ್ ಒಳಗೇ ಇರುವ ಎರಡು ಅನುಕೂಲಗಳಿಂದ. ಪಕ್ಕದ ಬಟನ್ನನ್ನು ಎರಡು ಸಲ ಒತ್ತಿದರೆ ಯಾವ ಆ್ಯಪ್ ಬೇಕಾದರೂ ತೆರೆಯುವಂತೆ ಮಾಡಬಹುದು. ನಾನು ಅಲ್ಲಿ ಯುಪಿಐ ಆ್ಯಪ್ ಇಟ್ಟಿದ್ದೇನೆ. ಎಳನೀರಿನ ಗಾಡಿಯ ಮುಂದೆ ನಿಂತು ಜೇಬಿನಿಂದ ಫೋನು ತೆಗೆಯುವಷ್ಟರಲ್ಲಿ ಆ್ಯಪ್ ತೆರೆದಿರುತ್ತದೆ. ಸ್ಕ್ಯಾನ್ ಮಾಡಿ ಪಿನ್ ಒತ್ತುವುದಷ್ಟೇ ಉಳಿದ ಕೆಲಸ. ಪಿಕ್ಸೆಲ್‌ನಲ್ಲಿ ಅದೇ ಎರಡು ಒತ್ತು ಕ್ಯಾಮೆರಾ ತೆರೆಯುತ್ತದೆ, ಅದೂ ಒಳ್ಳೆಯದೇ. ಆದರೆ ನಾನು ದಿನಕ್ಕೆ ಎಂಟು ಸಲ ಹಣ ಕೊಡುತ್ತೇನೆ, ಎರಡು ದಿನಕ್ಕೊಮ್ಮೆ ಫೋಟೋ ತೆಗೆಯುತ್ತೇನೆ. ನನ್ನ ಮಗಳಿಗೆ ಇದು ತಿರುಗುಮುರುಗು. ಎಲ್ಲರಿಗೂ ಒಂದೇ ನಿರ್ಧಾರ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಣ್ಣ, ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ನ್ಯಾಯಕ್ಕೆ ಹೇಳಬೇಕೆಂದರೆ, ಪಿಕ್ಸೆಲ್‌ನ ಬೆನ್ನಿಗೆ ಎರಡು ಸಲ ತಟ್ಟಿ ಬೇಕಾದ ಆ್ಯಪ್ ತೆರೆಯುವ ಸೌಲಭ್ಯವೂ ಇದೆ. ಆದರೆ ಬಟನ್ ಒತ್ತಿದಾಗ ಬೆರಳಿಗೆ ಸಿಗುವ ಖಚಿತತೆ ತಟ್ಟುವುದರಲ್ಲಿ ಸಿಗುವುದಿಲ್ಲ.

ಎರಡನೆಯ ಅನುಕೂಲ, ಮೋಡ್ಸ್ ಆ್ಯಂಡ್ ರೂಟೀನ್ಸ್. ಇಂಥ ಸಮಯವಾದರೆ, ಇಂಥ ಜಾಗಕ್ಕೆ ಬಂದರೆ, ಇಂಥ ವೈಫೈ ಸಿಕ್ಕರೆ, ಇಂಥ ಆ್ಯಪ್ ತೆರೆದರೆ, ಇದಿದು ತಾನಾಗಿ ಆಗಲಿ ಎಂದು ಬರೆದಿಡಬಹುದು. ಕಚೇರಿಯ ವೈಫೈಗೆ ಸೇರುತ್ತಲೇ ಫೋನು ಮೌನವಾಗುತ್ತದೆ. ಪುಸ್ತಕದ ಆ್ಯಪ್ ತೆರೆದರೆ ಪರದೆ ಹಳದಿಗೆ ತಿರುಗಿ, ಬೇಗ ಆರಿಹೋಗದೆ ಹತ್ತು ನಿಮಿಷ ಉರಿಯುತ್ತದೆ. ಆ್ಯಪ್ ಮುಚ್ಚಿದಾಗ ಎಲ್ಲವೂ ಮೊದಲಿನಂತೆ. ಇದನ್ನು ಹೊಂದಿಸಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಆಮೇಲೆ ಅದರ ಕಡೆ ತಿರುಗಿ ನೋಡಿಲ್ಲ. ಪಿಕ್ಸೆಲ್‌ನ ರೂಲ್ಸ್ ಎಂಬ ಸೌಲಭ್ಯ ಇಷ್ಟು ದೂರ ಬರುವುದಿಲ್ಲ, ಅದು ಮುಖ್ಯವಾಗಿ ಸದ್ದು ಮತ್ತು ಮೌನದ ವಿಚಾರಕ್ಕೆ ನಿಂತುಬಿಡುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೂ ಒನ್ ಯುಐನ ಒಂದು ಸ್ವಭಾವವನ್ನು ಕ್ಷಮಿಸುವುದು ಕಷ್ಟ. ಆಯ್ಕೆಗಳು ಹೆಚ್ಚಾದಾಗ ಅವನ್ನು ಎಲ್ಲೋ ಒಂದು ಕಡೆ ಮಡಿಸಿಡಬೇಕಾಗುತ್ತದೆ. ಮಡಿಸಿಟ್ಟಾಗ ಮುಖ್ಯವಾದದ್ದೇ ಒಳಗೆ ಸೇರಿಕೊಳ್ಳುತ್ತದೆ. 2017ರ ಆಂಡ್ರಾಯ್ಡ್ 8ರಿಂದ, ಒಂದೇ ಆ್ಯಪ್‌ನ ನೋಟಿಫಿಕೇಷನ್‌ಗಳನ್ನು ವರ್ಗಗಳಾಗಿ ಬಿಡಿಸಿ, ಆರ್ಡರ್ ಬಂದ ಸುದ್ದಿ ಇರಲಿ, ರಿಯಾಯಿತಿಯ ಜಾಹೀರಾತು ಬೇಡ ಎಂದು ಹೇಳಬಹುದು. ಫೋನಿನ ಗದ್ದಲ ತಗ್ಗಿಸಲು ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಒನ್ ಯುಐ 6.1ರಿಂದ ಈಚೆಗೆ ಈ ವರ್ಗಗಳು ಮೊದಲ ನೋಟಕ್ಕೆ ಕಾಣುವುದಿಲ್ಲ. ನೋಟಿಫಿಕೇಷನ್ ಸೆಟ್ಟಿಂಗ್ಸ್‌ನ ಒಳಗೆ ಹೋಗಿ, ಅಡ್ವಾನ್ಸ್ಡ್ ಎಂಬಲ್ಲಿ ಒಂದು ಸ್ವಿಚ್ಚನ್ನು ಆನ್ ಮಾಡಿದ ಮೇಲೆಯೇ ಅವು ಪ್ರತ್ಯಕ್ಷವಾಗುವುದು. ಸರಳಗೊಳಿಸಲು ಮಾಡಿದ್ದಿರಬೇಕು. ಕೀಲಿಮಣೆಗೆ ಬಣ್ಣ ಹಚ್ಚುವ ಅವಕಾಶವನ್ನು ತೋರಿಸಿ, ಜಾಹೀರಾತು ನಿಲ್ಲಿಸುವ ಸ್ವಿಚ್ಚನ್ನು ಅಡಗಿಸುವ ಸರಳತೆ ಯಾರಿಗೆ ಬೇಕಿತ್ತೋ ತಿಳಿಯದು. ಪಿಕ್ಸೆಲ್‌ನಲ್ಲಿ ನೋಟಿಫಿಕೇಷನ್ ಮೇಲೆ ಬೆರಳೊತ್ತಿ ಹಿಡಿದರೆ ವರ್ಗಗಳತ್ತ ದಾರಿ ಅಲ್ಲೇ ತೆರೆಯುತ್ತದೆ.

ಅಲಂಕಾರದ ವಿಷಯದಲ್ಲಿ ಕನ್ನಡದವರು ತಿಳಿದಿರಬೇಕಾದ ಒಂದು ಮಾತು. ಸ್ಯಾಮ್‌ಸಂಗ್‌ನ ಅಂಗಡಿಯಲ್ಲಿ ಸಿಗುವ ಚಂದದ ಫಾಂಟುಗಳಲ್ಲಿ ಹೆಚ್ಚಿನವುಗಳಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಫಾಂಟಿನಲ್ಲಿ ಇಲ್ಲದ ಅಕ್ಷರವನ್ನು ಆಂಡ್ರಾಯ್ಡ್ ತನ್ನ ಮೂಲ ಫಾಂಟಿನಿಂದ ತಂದು ತುಂಬುತ್ತದೆ. ಫಲವಾಗಿ, ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳು ಮದುವೆಮನೆಗೆ ಹೊರಟಂತೆ ಸಿಂಗರಿಸಿಕೊಂಡಿರುತ್ತವೆ, ಪಕ್ಕದಲ್ಲಿ ಕನ್ನಡದ ಹೆಸರುಗಳು ಮನೆಯುಡುಪಿನಲ್ಲೇ ನಿಂತಿರುತ್ತವೆ. ನಾನು ಎರಡು ದಿನ ನೋಡಿ ಮೂಲ ಫಾಂಟಿಗೆ ಮರಳಿದೆ. ಕನ್ನಡಕ್ಕೆ ನಿಜವಾಗಿ ಬೇಕಾದ ಆಯ್ಕೆ ಕೀಲಿಮಣೆಯದು, ಅದು ಎರಡು ಫೋನುಗಳಲ್ಲೂ ಸಮನಾಗಿ ಲಭ್ಯ. ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವವರು ಅದನ್ನು ಇಟ್ಟುಕೊಳ್ಳಬಹುದು. ನುಡಿ ವಿನ್ಯಾಸಕ್ಕೆ ಬೆರಳು ಪಳಗಿದವರು ಜಸ್ಟ್ ಕನ್ನಡದಂಥ ಆ್ಯಪ್ ಹಾಕಿಕೊಳ್ಳಬಹುದು. ಐಫೋನಿನಲ್ಲಿ ಹೊರಗಿನವರ ಕೀಲಿಮಣೆಗೆ 2014ರವರೆಗೆ ಪ್ರವೇಶವೇ ಇರಲಿಲ್ಲ ಎಂಬುದನ್ನು ನೆನೆದರೆ, ಇದು ಸಣ್ಣ ಸ್ವಾತಂತ್ರ್ಯವಲ್ಲ.

ಇನ್ನು ಪಿಕ್ಸೆಲ್. ಪೆಟ್ಟಿಗೆಯಿಂದ ತೆಗೆದು, ಸಿಮ್ ಹಾಕಿ, ಆ್ಯಪ್‌ಗಳು ಇಳಿಯುವುದನ್ನು ಕಾದದ್ದು ಬಿಟ್ಟರೆ ಅದಕ್ಕಾಗಿ ನಾನು ಏನೂ ಮಾಡಲಿಲ್ಲ. ಮಾಡಲು ಹೆಚ್ಚೇನೂ ಇರಲೂ ಇಲ್ಲ. ವಾಲ್‌ಪೇಪರ್ ಬದಲಿಸಿದರೆ ಅದರ ಬಣ್ಣವನ್ನೇ ಆಯ್ದು ಇಡೀ ಫೋನಿಗೆ ಹಚ್ಚುವ ವ್ಯವಸ್ಥೆ 2021ರ ಆಂಡ್ರಾಯ್ಡ್ 12ರಿಂದ ಇದೆ. ಥೀಮ್ ಪಾರ್ಕ್‌ನಲ್ಲಿ ನಾನು ಒಂದು ಭಾನುವಾರ ಕಳೆದು ಸಾಧಿಸಿದ್ದನ್ನು ಅದು ಎರಡು ಸೆಕೆಂಡಿನಲ್ಲಿ, ನನಗಿಂತ ಒಳ್ಳೆಯ ಅಭಿರುಚಿಯಲ್ಲಿ ಮಾಡಿತು. ಮುಖಪರದೆಯ ಕೆಳಗಿನ ಹುಡುಕುವ ಪಟ್ಟಿ ಮತ್ತು ಮೇಲಿನ ದಿನಾಂಕ, ಹವಾಮಾನದ ಸಾಲನ್ನು ತೆಗೆಯಲು ವರ್ಷಗಟ್ಟಲೆ ದಾರಿಯಿರಲಿಲ್ಲ. ಸ್ವಂತ ಮನೆಯ ಪಡಸಾಲೆಯಲ್ಲಿ ಕಟ್ಟಿದವನೇ ಬೋರ್ಡು ನೇತುಹಾಕಿ ಹೋದಂತಿದೆ ಎಂದು ಮೊದಲ ವಾರ ಗೊಣಗಿದೆ. ಮೂರನೆಯ ವಾರದ ಹೊತ್ತಿಗೆ ಕಣ್ಣು ಅದನ್ನು ನೋಡುವುದನ್ನೇ ಬಿಟ್ಟಿತು.

ಗಮನಕ್ಕೆ ಬಂದದ್ದು ಬೇರೆ. ಪಿಕ್ಸೆಲ್‌ನಲ್ಲಿ ನಾನು ಸೆಟ್ಟಿಂಗ್ಸ್ ತೆರೆಯುವುದೇ ಅಪರೂಪವಾಯಿತು. ಸಿಮ್ ಆ ಕಡೆಗೆ ಹೋದ ಹದಿನೈದು ದಿನಗಳಲ್ಲಿ ಫೋನನ್ನು ಎತ್ತಿದ್ದು ಕೆಲಸಕ್ಕೆ ಮಾತ್ರ. ಇದನ್ನು ವೇಗ ಎನ್ನಬೇಕೋ ಬೇಡವೋ ಗೊತ್ತಿಲ್ಲ, ಆದರೆ ಗಡಿಯಾರದಲ್ಲಿ ಅಳೆಯುವ ವೇಗಕ್ಕಿಂತ ಅದರ ಉಪಯೋಗ ದೊಡ್ಡದು. ಗಡಿಯಾರದ ವೇಗ ಹೇಳಬೇಕೆಂದರೆ, ಆ್ಯಪ್ ತೆರೆಯುವುದರಲ್ಲಿ ಎರಡು ಫೋನುಗಳ ನಡುವೆ ನಾನು ಕೈಯಲ್ಲಿ ಹಿಡಿದು ಹೇಳಬಹುದಾದ ವ್ಯತ್ಯಾಸ ಇಲ್ಲ. ನಾವು ವೇಗವೆಂದು ಭಾವಿಸುವುದರಲ್ಲಿ ಬಹುಪಾಲು ಅನಿಮೇಷನ್, ಅಂದರೆ ಪುಟಗಳು ಜಾರಿ, ಅರಳಿ, ಮುಚ್ಚಿಕೊಳ್ಳುವ ಆಟ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ, ಸೆಟ್ಟಿಂಗ್ಸ್ ಒಳಗಿರುವ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಅನಿಮೇಷನ್‌ಗೆ ಸಂಬಂಧಿಸಿದ ಮೂರು ಅಳತೆಗಳನ್ನು 1ರಿಂದ 0.5ಕ್ಕೆ ಇಳಿಸಿದರೆ, ಪ್ರತಿ ಚಲನೆಯೂ ಅರ್ಧ ಸಮಯದಲ್ಲಿ ಮುಗಿಯುತ್ತದೆ. ನಾಲ್ಕು ವರ್ಷದ ಹಳೆಯ ಫೋನಿಗೂ ಹೊಸ ಜೀವ ಬಂದಂತೆ ಕಾಣುವುದು ಇದರಿಂದಲೇ. ಪೂರ್ತಿ ನಿಲ್ಲಿಸಬೇಡಿ, ಆಗ ಪರದೆ ಒಮ್ಮೆಗೇ ಬದಲಾಗಿ, ಎಲ್ಲಿಂದ ಎಲ್ಲಿಗೆ ಬಂದೆವೆಂದು ಕಣ್ಣಿಗೆ ತಿಳಿಯುವುದಿಲ್ಲ. ಐಫೋನಿನಲ್ಲಿ ಚಲನೆಯನ್ನು ತಗ್ಗಿಸುವ ಆಯ್ಕೆ ಇದೆಯಾದರೂ, ಅದು ಜಾರುವುದರ ಬದಲು ಮಸುಕಾಗಿ ಮೂಡುವಂತೆ ಮಾಡುತ್ತದೆಯೇ ಹೊರತು ಹೀಗೆ ಅಳತೆಗೋಲು ಕೈಗೆ ಕೊಡುವುದಿಲ್ಲ. ತಮಾಷೆಯೆಂದರೆ, ಸರಳತೆಯ ಪಕ್ಷದ ಪಿಕ್ಸೆಲ್ ನನಗೆ ಅತ್ಯಂತ ವೇಗವಾಗಿ ಕಂಡದ್ದು ಈ ಅಡಗಿಸಿಟ್ಟ ಆಯ್ಕೆಯನ್ನು ತಿರುಗಿಸಿದ ಮೇಲೆಯೇ.

ಅಪ್‌ಡೇಟ್‌ಗಳಲ್ಲಿ ಮಾತ್ರ ಸರಳತೆಯ ಲಾಭ ಲೆಕ್ಕಕ್ಕೆ ಸಿಗುತ್ತದೆ. ಆಂಡ್ರಾಯ್ಡ್ 15 ಪಿಕ್ಸೆಲ್‌ಗಳಿಗೆ 2024ರ ಅಕ್ಟೋಬರಿನಲ್ಲಿ ಬಂತು. ಅದರ ಮೇಲೆ ಕಟ್ಟಿದ ಒನ್ ಯುಐ 7 ಎಸ್24ಕ್ಕೆ ತಲುಪಿದ್ದು 2025ರ ಏಪ್ರಿಲ್‌ನಲ್ಲಿ. ಹೊರಗಿನ ಪದರ ದಪ್ಪವಾದಷ್ಟೂ ಅಡಿಪಾಯ ಬದಲಿಸುವುದು ತಡವಾಗುತ್ತದೆ. ಈ ಹೊರೆ ತಗ್ಗಲೆಂದೇ ಗೂಗಲ್ 2017ರಲ್ಲಿ ಟ್ರೆಬಲ್ ಎಂಬ ಯೋಜನೆಯಲ್ಲಿ ಆಂಡ್ರಾಯ್ಡ್‌ನ ತಿರುಳನ್ನೂ ಚಿಪ್ ತಯಾರಕರ ಭಾಗವನ್ನೂ ಬೇರ್ಪಡಿಸಿತ್ತು. ಆಂಡ್ರಾಯ್ಡ್ 16ರ ಹೊತ್ತಿಗೆ ಸ್ಯಾಮ್‌ಸಂಗ್ ಈ ಅಂತರವನ್ನು ಸಾಕಷ್ಟು ಕಡಿಮೆ ಮಾಡಿದೆ. ಅಪ್‌ಡೇಟ್ ಬಂದಾಗಲೂ ಬೇರೊಂದು ಬೆಲೆ ತೆರಬೇಕಾಗುತ್ತದೆ: ಒನ್ ಯುಐ 7 ನೋಟಿಫಿಕೇಷನ್‌ಗಳನ್ನೂ ಸ್ವಿಚ್ಚುಗಳ ಫಲಕವನ್ನೂ ಎರಡಾಗಿ ಒಡೆದು, ಎಡಗಡೆಯಿಂದ ಎಳೆದರೆ ಒಂದು, ಬಲಗಡೆಯಿಂದ ಎಳೆದರೆ ಇನ್ನೊಂದು ಎಂದು ಮಾಡಿತು. ವರ್ಷಗಳಿಂದ ಬೆರಳಿಗೆ ಅಂಟಿದ ಅಭ್ಯಾಸ ಒಂದೇ ರಾತ್ರಿಯಲ್ಲಿ ತಪ್ಪಾಯಿತು. ಮೊದಲಿನಂತೆ ಒಟ್ಟಿಗೆ ಸೇರಿಸುವ ಆಯ್ಕೆ ಇತ್ತು ಎಂಬುದು ಸಮಾಧಾನ. ಬದಲಾವಣೆಯನ್ನು ಹೇರಿದವರೇ ಹಿಂದಿರುಗುವ ಬಾಗಿಲನ್ನೂ ತೆರೆದಿಟ್ಟಿದ್ದರು. ಆಯ್ಕೆಗಳಿರುವ ಫೋನಿನ ಸಾರ್ಥಕತೆ ಇಂಥ ಕಡೆ.

ಪಿಕ್ಸೆಲ್ ತೀರಾ ಬೋಳು ಅನಿಸಿದವರು ಬೇರೆ ಲಾಂಚರ್, ಅಂದರೆ ಮುಖಪರದೆಯನ್ನು ನಡೆಸುವ ಬೇರೆ ಆ್ಯಪ್, ಹಾಕಿಕೊಳ್ಳಬಹುದಲ್ಲವೇ ಎಂದು ಕೇಳಬಹುದು. ನಾನೂ ಹಾಕಿದ್ದೆ. ಆಂಡ್ರಾಯ್ಡ್ 9ರಿಂದ ಈಚೆಗೆ, ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನು ತೋರಿಸುವ ಪರದೆ ಫೋನಿನ ಮೂಲ ಲಾಂಚರಿನ ಭಾಗವೇ ಆಗಿರುವುದರಿಂದ, ಹೊರಗಿನ ಲಾಂಚರ್ ಇದ್ದಾಗ ಬೆರಳು ಜಾರಿಸಿ ಮನೆಗೆ ಮರಳುವ ಚಲನೆಯಲ್ಲಿ ಒಂದು ಎಡವು ಕಾಣಿಸುತ್ತದೆ. ಕಣ್ಣಿಗೆ ಬಿದ್ದ ಮೇಲೆ ಅದು ಬಿದ್ದೇ ಇರುತ್ತದೆ. ಅದಕ್ಕಿಂತ ದೊಡ್ಡ ಪಾಠ ನೋವಾ ಲಾಂಚರ್‌ನದು. 2011ರಿಂದ ಇದ್ದ, ಮುಖಪರದೆಯ ಪ್ರತಿ ಅಂಗುಲವನ್ನೂ ತಿದ್ದಲು ಬಿಡುತ್ತಿದ್ದ ಈ ಆ್ಯಪ್ 2022ರಲ್ಲಿ ಬ್ರಾಂಚ್ ಎಂಬ ಕಂಪನಿಯ ಪಾಲಾಯಿತು. 2024ರಲ್ಲಿ ಅದರ ತಂಡದ ಬಹುತೇಕರು ಕೆಲಸ ಕಳೆದುಕೊಂಡರು. 2025ರಲ್ಲಿ ಅದನ್ನು ಕಟ್ಟಿದವರೇ ಹೊರನಡೆದರು. ಹತ್ತು ವರ್ಷ ಒಂದೇ ವಿನ್ಯಾಸವನ್ನು ಬ್ಯಾಕಪ್ ಮಾಡಿಟ್ಟು ಫೋನಿನಿಂದ ಫೋನಿಗೆ ಹೊತ್ತುಕೊಂಡು ಬಂದವರು ಗೇಣಿಯ ಜಮೀನಿನಲ್ಲಿ ತೋಟ ಎಬ್ಬಿಸಿದಂತಾಯಿತು. ನಾಳೆ ನಾನು ಸ್ಯಾಮ್‌ಸಂಗ್ ಬಿಟ್ಟು ಬೇರೆ ಕಂಪನಿಗೆ ಹೋದರೆ ನನ್ನ ರೂಟೀನ್‌ಗಳದೂ ಇದೇ ಕಥೆ. ಒಗ್ಗಿಸಿಕೊಂಡ ಫೋನು ನಮ್ಮನ್ನೂ ಸದ್ದಿಲ್ಲದೆ ಒಗ್ಗಿಸಿಕೊಂಡಿರುತ್ತದೆ.

ಆಯ್ಕೆಗಳ ರಾಶಿಯನ್ನೇ ಸುಖವೆಂದು ನಂಬಿ ನಾನು ಮೋಸಹೋದದ್ದೂ ಉಂಟು. ಕೆಲವು ವರ್ಷಗಳ ಹಿಂದೆ ಇನ್ನೊಂದು ಕಂಪನಿಯ, ಮಧ್ಯಮ ಬೆಲೆಯ ಫೋನು ಕೊಂಡಿದ್ದೆ. ಐಕಾನಿನ ಮೂಲೆ ಎಷ್ಟು ದುಂಡಗಿರಬೇಕು ಎಂಬುದನ್ನೂ ಅದರಲ್ಲಿ ತಿದ್ದಬಹುದಿತ್ತು. ಆದರೆ ಬ್ಯಾಟರಿ ಉಳಿಸುವ ಹಟದಲ್ಲಿ ಅದು ಹಿನ್ನೆಲೆಯ ಆ್ಯಪ್‌ಗಳನ್ನು ಕತ್ತು ಹಿಸುಕುತ್ತಿತ್ತು. ಮಗಳ ಶಾಲೆಯ ವ್ಯಾನು ಮನೆಯ ತಿರುವಿಗೆ ಬಂದ ಸುದ್ದಿ ನನಗೆ ತಲುಪುವಾಗ ಮಗಳು ಗೇಟಿನ ಮುಂದೆ ಮಳೆಯಲ್ಲಿ ನಿಂತಿರುತ್ತಿದ್ದಳು. ಆ ಒಂದು ಆ್ಯಪ್ ಬದುಕಿರಲೆಂದು ನಾಲ್ಕು ಬೇರೆಬೇರೆ ಕಡೆ ಹೋಗಿ ಅನುಮತಿ ಕೊಡಬೇಕಾಯಿತು, ಮುಂದಿನ ಅಪ್‌ಡೇಟ್ ಆದಾಗ ಅವುಗಳಲ್ಲೆರಡು ಮರೆತುಹೋಗಿದ್ದವು. ಬೇಕಿಲ್ಲದ ನೂರು ಕಡೆ ಸ್ವಾತಂತ್ರ್ಯ, ಬೇಕಾದ ಒಂದು ಕಡೆ ಹೋರಾಟ. ಅಂದಿನಿಂದ, ಫೋನು ಎಷ್ಟನ್ನು ಬದಲಿಸಲು ಬಿಡುತ್ತದೆ ಎಂದು ಕೇಳುವುದನ್ನು ಬಿಟ್ಟು, ಬದಲಿಸಿದ್ದು ಬದಲಿಸಿದಂತೆ ಉಳಿಯುತ್ತದೆಯೇ ಎಂದು ಮಾತ್ರ ಕೇಳುತ್ತೇನೆ. ಆ ಪರೀಕ್ಷೆಯಲ್ಲಿ ಎಸ್24 ಈ ಎಂಟು ತಿಂಗಳಲ್ಲಿ ತೇರ್ಗಡೆಯಾಗಿದೆ.

ಸರಳತೆಯನ್ನು ಕೂಡ ಆಯ್ಕೆಗಳಿಂದಲೇ ಕಟ್ಟಬಹುದು ಎಂದು ತಿಳಿದದ್ದು ಊರಿನಲ್ಲಿ. ತೀರ್ಥಹಳ್ಳಿಯ ಬಳಿ ಇರುವ ಅಮ್ಮನಿಗೆ ಗ್ಯಾಲಕ್ಸಿ ಎ ಸರಣಿಯ ಒಂದು ಫೋನು ಕೊಡಿಸಿದ್ದೆ. ವಾರ ಕಳೆಯುವಷ್ಟರಲ್ಲಿ ಕರೆ ಬಂತು: "ಎಂತದೋ ಇದು, ಮುಟ್ಟಿದ್ದೆಲ್ಲ ಅಲ್ಲಾಡ್ತದೆ. ನಿನ್ನೆ ಇದ್ದ ವಾಟ್ಸಾಪು ಇವತ್ತು ಇಲ್ಲ." ಐಕಾನನ್ನು ಒತ್ತಬೇಕಾದಲ್ಲಿ ಅಮ್ಮ ಒತ್ತಿ ಹಿಡಿಯುತ್ತಿದ್ದರು, ಅದು ಜಾಗ ಬದಲಿಸಿಕೊಳ್ಳುತ್ತಿತ್ತು. ಸ್ಯಾಮ್‌ಸಂಗ್‌ನ ಈಸಿ ಮೋಡ್ ಆನ್ ಮಾಡಿದರೆ ಐಕಾನು, ಅಕ್ಷರಗಳು ದೊಡ್ಡದಾಗುವುದರ ಜೊತೆಗೆ, ಒತ್ತಿ ಹಿಡಿದದ್ದೆಂದು ಫೋನು ಭಾವಿಸಬೇಕಾದ ಅವಧಿಯೂ ಉದ್ದವಾಗುತ್ತದೆ. ಐಕಾನುಗಳು ಅಲುಗದಂತೆ ಮುಖಪರದೆಗೆ ಬೀಗ ಹಾಕುವ ಆಯ್ಕೆಯೂ ಇದೆ. ವಯಸ್ಸಾದವರ ಬೆರಳನ್ನು ಗಮನಿಸಿದ ಯಾರೋ ಒಬ್ಬರು ಆ ಕಂಪನಿಯಲ್ಲಿ ಇದ್ದಾರೆ ಎಂದು ನನಗೆ ಅನಿಸಿದ್ದು ಆಗ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಐದು ಐಕಾನು ಉಳಿಸಿ ಬಂದೆ. ಐಫೋನಿನಲ್ಲೂ 2023ರಿಂದ ಅಸಿಸ್ಟಿವ್ ಆ್ಯಕ್ಸೆಸ್ ಎಂಬ ಇಂಥದ್ದೊಂದು ವ್ಯವಸ್ಥೆ ಇದೆ. ಪಿಕ್ಸೆಲ್‌ನಲ್ಲಿ ಅಕ್ಷರ ದೊಡ್ಡದು ಮಾಡುವುದು, ಒತ್ತುವ ಅವಧಿ ಹೆಚ್ಚಿಸುವುದು ಎರಡೂ ಸಾಧ್ಯ, ಬಿಡಿಬಿಡಿಯಾಗಿ ಹುಡುಕಿಕೊಳ್ಳಬೇಕು.

ಅಪ್ಪನ ಕೈಯಲ್ಲಿರುವುದು ಮೋಟೊರೊಲಾ. ಕತ್ತಿಯಲ್ಲಿ ಗಿಡ ಸವರುವಂತೆ ಫೋನನ್ನು ಎರಡು ಸಲ ಬೀಸಿದರೆ ಟಾರ್ಚು ಹೊತ್ತುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದಾಗ, ಪರದೆಯನ್ನು ನೋಡದೆ, ಕನ್ನಡಕ ಹುಡುಕದೆ ಅವರು ಬೆಳಕು ಮಾಡಿಕೊಳ್ಳುವುದನ್ನು ಕಂಡಾಗ, ನನ್ನ ಗುಡ್ ಲಾಕ್ ಪಾಂಡಿತ್ಯವೆಲ್ಲ ಸ್ವಲ್ಪ ಸಣ್ಣದಾಗಿ ಕಂಡಿತು.

ಎರಡು ಪಕ್ಷಗಳೂ ಈಗ ನಡುದಾರಿಗೆ ಬರುತ್ತಿವೆ. ಆ್ಯಪಲ್ ಐಫೋನಿನ ಮುಖಪರದೆಗೆ ವಿಜೆಟ್‌ಗಳನ್ನು 2020ರಲ್ಲಿ ಬಿಟ್ಟುಕೊಂಡಿತು, ಲಾಕ್ ಸ್ಕ್ರೀನನ್ನು 2022ರಲ್ಲಿ ಸಡಿಲಿಸಿತು, ಐಕಾನನ್ನು ಖಾಲಿ ಜಾಗದಲ್ಲಿ ಎಲ್ಲಿ ಬೇಕಾದರೂ ಇಡುವ ಭಾಗ್ಯವನ್ನು 2024ರಲ್ಲಿ ಕರುಣಿಸಿತು. ಸ್ಯಾಮ್‌ಸಂಗ್ ತನ್ನ ಆಯ್ಕೆಗಳನ್ನು ಮಡಿಸಿಡುವುದನ್ನು ಕಲಿಯುತ್ತಿದೆ.

ಕೊಳ್ಳುವವರಿಗೆ ನನ್ನ ಅಭಿಪ್ರಾಯ ಹೀಗಿದೆ. ಫೋನು ಬಂದ ಮೊದಲ ವಾರದಲ್ಲಿ ಎರಡು ಗಂಟೆ ಕುಳಿತು, ಬೇಡದ್ದನ್ನು ತೆಗೆದು, ಬೇಕಾದ ನಾಲ್ಕನ್ನು ಹೊಂದಿಸಿ, ಆಮೇಲೆ ಕೈಕಟ್ಟಿ ಕೂರುವ ಸಂಯಮ ನಿಮಗಿದ್ದರೆ ಒನ್ ಯುಐ ಕೊಡುವಷ್ಟನ್ನು ಪಿಕ್ಸೆಲ್ ಕೊಡಲಾರದು. ಆ ಎರಡು ಗಂಟೆ ಇಲ್ಲದವರಿಗೆ, ಅಥವಾ ಎರಡು ಗಂಟೆ ಇಪ್ಪತ್ತಾಗುತ್ತದೆಂದು ತಮ್ಮ ಸ್ವಭಾವ ತಿಳಿದವರಿಗೆ, ಪಿಕ್ಸೆಲ್ ಹೆಚ್ಚು ಕ್ಷೇಮ. ನನ್ನ ಸಿಮ್ ಎಸ್24ರಲ್ಲಿ ಉಳಿದಿದೆ, ಪಕ್ಕದ ಬಟನ್ನಿನ ಒಂದೇ ಕಾರಣಕ್ಕೆ ಎಂದರೂ ತಪ್ಪಿಲ್ಲ. ಹೆಂಡತಿಯ ಹಳೆಯ ಫೋನು ಕಳೆದ ತಿಂಗಳು ಕೊನೆಗೂ ಕೈಕೊಟ್ಟಿತು. ಪಿಕ್ಸೆಲ್ ತೆಗೆದುಕೊಂಡ ಆಕೆ ಮಗಳ ಒಂದು ಫೋಟೋವನ್ನು ವಾಲ್‌ಪೇಪರ್ ಮಾಡಿಕೊಂಡಿದ್ದಾಳೆ. ಮಗಳ ಲಂಗದ ನೇರಳೆ ಬಣ್ಣ ಈಗ ಕೀಲಿಮಣೆಯಲ್ಲೂ ಸ್ವಿಚ್ಚುಗಳಲ್ಲೂ ಹರಡಿದೆ. ಅನಿಮೇಷನ್ 0.5 ಮಾಡಿಕೊಡಲೇ ಎಂದು ಕೇಳಿದೆ. ಈಗೇನು ನಿಧಾನವಾಗಿದೆಯೇ ಎಂದು ಕೇಳಿದಳು. ಅದು ಆಗಲೇ 0.5ರಲ್ಲಿತ್ತೆಂಬುದು ನನಗೆ ಮರೆತೇಹೋಗಿತ್ತು.